ಹೊಸ ವರ್ಷದ ಗುರಿ ಮಾರ್ಚ್‌ವರೆಗೂ ಉಳಿಯುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಗ್ರಾಫಿಕ್ ಡಿಸೈನರ್. ಆರು ವರ್ಷದಿಂದ ಕೆಲಸದಲ್ಲಿದ್ದೇನೆ. ಪ್ರತಿ ಜನವರಿಯಲ್ಲೂ ‘ಈ ವರ್ಷ ನನಗಾಗಿ ಏನಾದರೂ ಮಾಡಬೇಕು’ ಎಂದು ಪಟ್ಟಿ ಬರೆಯುತ್ತೇನೆ. ಮಾರ್ಚ್ ಹೊತ್ತಿಗೆ ಆ ಪಟ್ಟಿ ಎಲ್ಲಿದೆ ಎಂಬುದೇ ನೆನಪಿರುವುದಿಲ್ಲ. ಡಿಸೈನರ್ ಆದವರು ಹೊಸ ವರ್ಷಕ್ಕೆ ಎಂಥ ಗುರಿ ಇಟ್ಟುಕೊಳ್ಳಬೇಕು? ಮಾಡಿದ್ದನ್ನೆಲ್ಲ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾ ಹೋಗಬೇಕೇ?

ಉತ್ತರ: ಡಿಸೆಂಬರ್ ಕೊನೆಯ ವಾರ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ, ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಉತ್ತರಕ್ಕೆ ಮುಂಚೆ ನನ್ನದೊಂದು ಮರುಪ್ರಶ್ನೆ. ಕ್ಲೈಂಟ್ ಒಬ್ಬರು ಬಂದು, ‘ಏನಾದರೂ ಚೆನ್ನಾಗಿರೋದು ಮಾಡಿಕೊಡಿ, ಯಾವಾಗಲಾದರೂ ಕೊಡಿ’ ಎಂದರೆ ನೀವೇನು ಮಾಡುತ್ತೀರಿ? ಸುಮ್ಮನೆ ತಲೆಯಾಡಿಸುವುದಿಲ್ಲ. ಕೂರಿಸಿಕೊಂಡು ಕೇಳುತ್ತೀರಿ: ಯಾರಿಗಾಗಿ, ಯಾವ ಅಳತೆ, ಎಷ್ಟು ಬಣ್ಣ, ಯಾವ ತಾರೀಕಿಗೆ ಬೇಕು. ಇಷ್ಟು ಬಲ್ಲ ನಾವು ನಮಗೆ ನಾವೇ ಕೊಟ್ಟುಕೊಳ್ಳುವ ಬ್ರೀಫ್ (ಏನು, ಎಷ್ಟು, ಯಾವಾಗ ಎಂಬ ಕೆಲಸದ ವಿವರ) ನೋಡಿ. ‘ಇನ್ನಷ್ಟು ಕ್ರಿಯೇಟಿವ್ ಆಗಬೇಕು.’ ‘ನನ್ನದೇ ಸ್ಟೈಲ್ ಕಂಡುಕೊಳ್ಳಬೇಕು.’ ‘ಪರ್ಸನಲ್ ಪ್ರಾಜೆಕ್ಟ್ ಮಾಡಬೇಕು.’ ಇಂಥ ಬ್ರೀಫ್ ಹಿಡಿದು ಬಂದ ಕ್ಲೈಂಟನ್ನು ನಾವು ಬಾಗಿಲಲ್ಲೇ ಸಾಗಹಾಕುತ್ತೇವೆ.

ಹಾಗಾಗಿ ನಾನು ಹೇಳುವುದು ಇಷ್ಟೇ: ಗುರಿಯನ್ನು ಬ್ರೀಫ್ ಬರೆದಂತೆ ಬರೆಯಿರಿ. ಏನು ಮಾಡುತ್ತೀರಿ, ಎಷ್ಟು ಮಾಡುತ್ತೀರಿ, ಯಾವುದರಲ್ಲಿ ಮಾಡುತ್ತೀರಿ, ಯಾವತ್ತು ಮುಗಿಸುತ್ತೀರಿ.

ತೊಂದರೆ ಇರುವುದು ಗುರಿಯಲ್ಲಲ್ಲ, ಸಮಯದಲ್ಲಿ ಎಂದು ನಿಮಗನಿಸಬಹುದು. ನನಗೂ ಹಾಗೇ ಅನಿಸುತ್ತಿತ್ತು, ಸ್ಟೆಫಾನ್ ಸಾಗ್‌ಮೈಸ್ಟರ್ ಕಥೆ ಕೇಳುವವರೆಗೆ. ನ್ಯೂಯಾರ್ಕಿನ ಈ ಡಿಸೈನರ್ ಏಳು ವರ್ಷಕ್ಕೊಮ್ಮೆ ಸ್ಟುಡಿಯೋವನ್ನು ಇಡೀ ವರ್ಷ ಮುಚ್ಚಿ, ಕ್ಲೈಂಟ್ ಕೆಲಸ ಮುಟ್ಟದೆ, ಬರೀ ಪ್ರಯೋಗಕ್ಕೆ ಕೂರುವುದಕ್ಕೆ ಹೆಸರಾದವರು. ಮೊದಲ ಸಲ ಹಾಗೆ ಬಾಗಿಲು ಹಾಕಿದಾಗ ಅವರ ಕೈಯಲ್ಲಿ ಯೋಜನೆಯೇ ಇರಲಿಲ್ಲ. ಬಿಡುವಿದ್ದರೆ ಐಡಿಯಾ ತಾನಾಗಿ ಬರುತ್ತದೆ ಎಂದುಕೊಂಡಿದ್ದರು. ಬರಲಿಲ್ಲ. ಸಣ್ಣಪುಟ್ಟ ಕೋರಿಕೆಗಳಿಗೆ ಓಗೊಡುವುದರಲ್ಲೇ ದಿನ ಕಳೆಯುತ್ತಿತ್ತು. ನನಗೆ ನಾನೇ ಇಂಟರ್ನ್ ಆಗಿಬಿಟ್ಟೆ ಎಂದು 2009ರ ಟೆಡ್ ಭಾಷಣದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಆಸಕ್ತಿಯ ವಿಷಯಗಳನ್ನು ಪಟ್ಟಿ ಮಾಡಿ, ಯಾವುದು ಮೊದಲು ಎಂದು ಜೋಡಿಸಿ, ಶಾಲೆಯ ಟೈಮ್‌ಟೇಬಲ್ ಥರ ಇಂಥ ದಿನ ಇಂಥ ಗಂಟೆಗೆ ಇಂಥದ್ದು ಎಂದು ಬರೆದುಕೊಂಡ ಮೇಲೇ ಅವರ ಕೆಲಸ ಹಳಿಗೆ ಬಂದದ್ದು. ವರ್ಷವಿಡೀ ಬಿಡುವಿದ್ದವರಿಗೇ ಟೈಮ್‌ಟೇಬಲ್ ಬೇಕಾಯಿತು ಅಂದಮೇಲೆ, ದಿನದ ಕೆಲಸ ಮುಗಿಸಿ ಮುಕ್ಕಾಲು ಗಂಟೆ ಕದಿಯುವ ನಾವು ಯಾವ ಲೆಕ್ಕ?

ನನ್ನ ಕಥೆಯೂ ಬೇರೆಯಲ್ಲ. ಲ್ಯಾಪ್‌ಟಾಪಿನಲ್ಲಿ ‘365’ ಎಂಬ ಫೋಲ್ಡರ್ ಒಂದಿದೆ. ದಿನಕ್ಕೊಂದು ಪೋಸ್ಟರ್ ಎಂಬ ಸಂಕಲ್ಪದ ಪಳೆಯುಳಿಕೆ. ಒಳಗೆ ಇರುವುದು 23 ಫೈಲು. ಮೊದಲ ಏಳೆಂಟನ್ನು ನೋಡಿದರೆ ‘ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ’ ಎಂಬ ಗಾದೆ ನೆನಪಾಗುತ್ತದೆ. ಪದರದ ಮೇಲೆ ಪದರ ಟೆಕ್ಸ್ಚರ್, ಕೈಯಲ್ಲೇ ಬರೆದ ಶೀರ್ಷಿಕೆ, ಒಂದೊಂದಕ್ಕೂ ಮೂರು ಗಂಟೆ. 20ನೆಯದು ಕಪ್ಪು ಹಿನ್ನೆಲೆಯ ಮೇಲೆ ಒಂದು ಬಿಳಿ ಗೆರೆ, ಅಷ್ಟೇ. 24ನೇ ದಿನ ಒಂದು ಪ್ಯಾಕೇಜಿಂಗ್ ಕೆಲಸದ ಡೆಡ್‌ಲೈನ್ ಬಂದು ಬಿತ್ತು, ಅಲ್ಲಿಗೆ ಸಂಕಲ್ಪ ಮುಗಿಯಿತು. ಬಹಳ ದಿನ ಆ ಡೆಡ್‌ಲೈನನ್ನೇ ಬೈದುಕೊಂಡೆ. ಆಮೇಲೆ ಹೊಳೆಯಿತು: ನಾನು ಬರೆದುಕೊಂಡದ್ದು ‘ಪೋಸ್ಟರ್’ ಎಂದು ಮಾತ್ರ. ಯಾವ ವಿಷಯ, ಯಾವ ಅಳತೆ, ಎಷ್ಟು ಹೊತ್ತು ಎಂಬುದು ಒಂದೂ ಇರಲಿಲ್ಲ. ಪ್ರತಿ ರಾತ್ರಿ ಅರ್ಧ ಗಂಟೆ ‘ಇವತ್ತು ಏನು ಮಾಡಲಿ’ ಎನ್ನುವುದಕ್ಕೇ ಹೋಗುತ್ತಿತ್ತು.

ಮುಂದಿನ ವರ್ಷ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಹೀಗಿತ್ತು: ‘ಕನ್ನಡ ವರ್ಣಮಾಲೆಯ 49 ಅಕ್ಷರ. ಒಂದು ಸಲಕ್ಕೆ ಒಂದು. ಎ4 ಹಾಳೆ, ಕಪ್ಪು ಬ್ರಷ್ ಪೆನ್, 40 ನಿಮಿಷ. ವಾರಕ್ಕೆ ನಾಲ್ಕು. 13ನೇ ವಾರಕ್ಕೆ ಮುಕ್ತಾಯ.’

ನೋಡಲು ಏನೂ ದೊಡ್ಡದಲ್ಲ. ಆದರೆ ‘ಇವತ್ತು ಏನು’ ಎಂಬ ಪ್ರಶ್ನೆಯೇ ಇಲ್ಲವಾಯಿತು. ನಿನ್ನೆ ಗ ಆಗಿದ್ದರೆ ಇವತ್ತು ಘ. ಉಳಿದ ತಲೆಯೆಲ್ಲ ಅಕ್ಷರದ ಮೇಲೇ ಇರುತ್ತಿತ್ತು, ಹಾಗಾಗಿ ಅದುವರೆಗೆ ಕಾಣದ್ದು ಕಾಣತೊಡಗಿತು. ಗ ಅಕ್ಷರಕ್ಕೆ ತಲಕಟ್ಟು ಇದೆ, ಬ ಅಕ್ಷರಕ್ಕೆ ಇಲ್ಲ. ಸ್ಕೇಲ್ ಇಟ್ಟು ಎರಡನ್ನೂ ಒಂದೇ ಎತ್ತರಕ್ಕೆ ಬರೆದು ಪಕ್ಕಪಕ್ಕ ಇಟ್ಟರೆ ಬ ದೊಡ್ಡದಾಗಿ, ಗ ಕುಗ್ಗಿದಂತೆ ಕಂಡಿತು. ಬ ಅಕ್ಷರವನ್ನು ಸ್ವಲ್ಪ ತಗ್ಗಿಸಿದ ಮೇಲೇ ಎರಡೂ ಕಣ್ಣಿಗೆ ಸಮ ಎನಿಸಿದ್ದು. ಸ್ಕೇಲಿಗೂ ಕಣ್ಣಿಗೂ ಇರುವ ಈ ಜಗಳವನ್ನು ನನಗೆ ಯಾವ ಕ್ಲೈಂಟ್ ಕೆಲಸವೂ ತೋರಿಸಿರಲಿಲ್ಲ. ಅಲ್ಲಿ ನಾವು ಫಾಂಟ್ ಆರಿಸಿ ಮುಂದಕ್ಕೆ ಹೋಗಿಬಿಡುತ್ತೇವೆ. ಠ ಬರೆದ ದಿನ ಇನ್ನೊಂದು ಮೋಜು. ಕನ್ನಡದ ಗಂಧಗಾಳಿ ಇಲ್ಲದವರೂ ಇಂಟರ್ನೆಟ್ಟಿನಲ್ಲಿ ಎರಡು ಠ ಜೋಡಿಸಿ ದುರುಗುಟ್ಟುವ ಮುಖ ಮಾಡುತ್ತಾರಲ್ಲ, ಅದು ನೆನಪಾಗಿ ನಗು ಬಂತು. ನಿಜಕ್ಕೂ ಆ ಚುಕ್ಕೆ ಕೂದಲೆಳೆಯಷ್ಟು ಜರುಗಿದರೆ ಸಾಕು, ಅಕ್ಷರ ಬೇರೆ ಕಡೆ ನೋಡುತ್ತದೆ.

ನಿಮ್ಮದು ಅಕ್ಷರವೇ ಆಗಬೇಕಿಲ್ಲ. ಆ್ಯಪ್ ಡಿಸೈನ್ ಮಾಡುವವರಾದರೆ 24 ಪಿಕ್ಸೆಲ್ ಚೌಕದೊಳಗೆ, 2 ಪಿಕ್ಸೆಲ್ ಗೆರೆಯಲ್ಲೇ 30 ಐಕಾನ್. ಮೋಷನ್, ಅಂದರೆ ಚಲಿಸುವ ಗ್ರಾಫಿಕ್ಸ್ ಮಾಡುವವರಾದರೆ ಎರಡೇ ಬಣ್ಣದಲ್ಲಿ, ಮೂರು ಸೆಕೆಂಡಿನ 12 ಲೂಪ್. ಕಟ್ಟು ಬಿಗಿಯಾದಷ್ಟೂ ಒಳ್ಳೆಯದು. ಡಿಸೈನರ್ ಮೈಕೆಲ್ ಬೈರುಟ್ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಅಭ್ಯಾಸವೂ ಇದೇ ಜಾತಿಯದು: ದಿನವೂ ಮಾಡಬಹುದಾದ ಒಂದೇ ಒಂದು ಡಿಸೈನ್ ಕ್ರಿಯೆ ಆರಿಸಿಕೊಳ್ಳಿ, 100 ದಿನ ಮಾಡಿ. ‘36 ಡೇಸ್ ಆಫ್ ಟೈಪ್’ ಎಂಬ ಸವಾಲಿನಲ್ಲೂ 26 ಇಂಗ್ಲಿಷ್ ಅಕ್ಷರ, 10 ಅಂಕಿ, ಅಲ್ಲಿಗೆ ಮುಗಿಯಿತು. ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತಿರುತ್ತದೆ. ಬೀಪಲ್ ಹೆಸರಿನ ಕಲಾವಿದ 2007ರಿಂದ ದಿನಕ್ಕೊಂದು ಚಿತ್ರದಂತೆ 5000 ದಿನ, ಅಂದರೆ 13 ವರ್ಷಕ್ಕೂ ಹೆಚ್ಚು ಕಾಲ ಬಿಡದೆ ಮಾಡಿದ್ದು ನಿಜ. ಅದನ್ನು ನೋಡಿ ಬೆರಗಾಗಿ, ನಿಮ್ಮ ಚೀಟಿಯಲ್ಲಿ ಮಾತ್ರ ಬರೆದುಕೊಳ್ಳಬೇಡಿ.

ಗುರಿ ಕಠಿಣವಾಗಿರಬೇಕೇ, ಸುಲಭವಾಗಿರಬೇಕೇ? ಮನಶ್ಶಾಸ್ತ್ರಜ್ಞರಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ‘ಕೈಲಾದಷ್ಟು ಮಾಡಿ’ ಎನ್ನುವುದಕ್ಕಿಂತ ಸ್ಪಷ್ಟವಾದ, ತುಸು ಕಷ್ಟದ ಗುರಿ ಹೆಚ್ಚು ಕೆಲಸ ತೆಗೆಯುತ್ತದೆ ಎಂಬುದು ಅವರು ಕಂಡದ್ದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇದರ ಬಾಲ ನಮಗೆ ಹೆಚ್ಚು ಮುಖ್ಯ. ಕೌಶಲ ಇನ್ನೂ ಕೈಗೆ ಹತ್ತದ, ತೊಡಕಿನ ಕೆಲಸದಲ್ಲಿ ‘ಇಷ್ಟು ಫಲಿತಾಂಶ ತರುತ್ತೇನೆ’ ಎಂಬ ಗುರಿ ಅಡ್ಡಿಯೇ ಆಗಬಹುದು. ‘ಇದನ್ನು ಮಾಡುವ ಇಷ್ಟು ದಾರಿ ಕಂಡುಕೊಳ್ಳುತ್ತೇನೆ’ ಎಂಬ ಕಲಿಕೆಯ ಗುರಿ ಅಲ್ಲಿ ಮೇಲು. ನೀವು ಈ ವರ್ಷ ತ್ರೀಡಿ ಕಲಿಯುವವರಿದ್ದರೆ ‘ಪೋರ್ಟ್‌ಫೋಲಿಯೋಗೆ ಐದು ಭರ್ಜರಿ ರೆಂಡರ್’ (ಕಂಪ್ಯೂಟರ್ ಮೂಡಿಸಿದ ಸಿದ್ಧ ಚಿತ್ರ) ಎಂದು ಬರೆಯಬೇಡಿ. ‘ಒಂದೇ ಲೋಟಕ್ಕೆ ಹತ್ತು ಥರ ಬೆಳಕು’ ಎಂದು ಬರೆಯಿರಿ. ಹತ್ತರಲ್ಲಿ ಏಳು ಕೆಟ್ಟು ಹೋದರೂ ಗುರಿ ಮುಟ್ಟಿದಂತೆಯೇ.

ಹಾಗೆಯೇ ಫಾಲೋವರ್ ಸಂಖ್ಯೆ, ಪ್ರಶಸ್ತಿ, ಕನಸಿನ ಕ್ಲೈಂಟ್, ಇವು ಚೀಟಿಯಲ್ಲಿ ಬೇಡ. ಅವು ಇನ್ನೊಬ್ಬರ ಕೈಯಲ್ಲಿರುವಂಥವು. ಸ್ಟೈಲ್ ಕೂಡ ಬೇಡ. ನಲವತ್ತೈವತ್ತು ಕೆಲಸ ಸಾಲಾಗಿ ಹರಡಿಕೊಂಡು ನೋಡಿದಾಗ ಪದೇ ಪದೇ ಕಾಣುವ ಚಾಳಿ ಇರುತ್ತದಲ್ಲ, ಅದನ್ನು ಬೇರೆಯವರು ನಿಮ್ಮ ಸ್ಟೈಲ್ ಎನ್ನುತ್ತಾರೆ. ಮೊದಲೇ ಹುಡುಕಲು ಹೊರಟವರಿಗೆ ಸಿಗುವುದು ಸಾಮಾನ್ಯವಾಗಿ ತಾವು ಮೆಚ್ಚಿದವರ ಸ್ಟೈಲ್.

ಇನ್ನು ತಪ್ಪಿದ ದಿನಗಳ ವಿಚಾರ. ಪಟ್ಟಿಗಳು ಸಾಯುವುದು ಹೆಚ್ಚಾಗಿ ಇಲ್ಲೇ: ಒಂದು ದಿನ ತಪ್ಪಿತು, ಸರಪಳಿ ತುಂಡಾಯಿತು, ಇನ್ನೇನು ಉಳಿಯಿತು ಎಂಬ ಹತಾಶೆ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಇಟ್ಟುಕೊಂಡು ಅಭ್ಯಾಸ ಹೇಗೆ ಬೇರೂರುತ್ತದೆ ಎಂದು ನೋಡಿದ್ದರು. ಅಭ್ಯಾಸ ಬೇರೂರಲು ಬೇಕು ಎಂದು ಎಲ್ಲರೂ ಉದ್ಧರಿಸುವ ‘66 ದಿನ’ ಅಲ್ಲಿನದೇ. ಆದರೆ ಅದು ಸರಾಸರಿಯ ಮಾತು. ಜನರ ನಡುವಿನ ಅಂತರ 18 ದಿನದಿಂದ 254 ದಿನದವರೆಗೆ ಹರಡಿತ್ತು. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ: ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಅವರು ನೋಡಿದ್ದು ಊಟದ ಜೊತೆ ನೀರು ಕುಡಿಯುವಂಥ ಸಣ್ಣ ಅಭ್ಯಾಸಗಳನ್ನು. ಬ್ರಷ್ ಹಿಡಿಯುವುದು ಅಷ್ಟು ಸಲೀಸಲ್ಲ, ಒಪ್ಪುತ್ತೇನೆ. ಹಾಗಾಗಿಯೇ ನಾನು ವಾರಕ್ಕೆ ಏಳು ಎನ್ನದೆ ನಾಲ್ಕು ಎಂದದ್ದು. ಮೂರು ದಿನ ತಪ್ಪುವುದಕ್ಕೆ ಬ್ರೀಫ್‌ನಲ್ಲೇ ಜಾಗ ಇದೆ. ಕ್ಲೈಂಟ್ ಕೆಲಸ ಕತ್ತಿನವರೆಗೆ ಬಂದ ವಾರಕ್ಕೆ ಬೇರೆ ನಿಯಮ: ಪೆನ್ಸಿಲ್ಲಿನಲ್ಲಿ ಹತ್ತು ನಿಮಿಷ, ಅದೂ ಲೆಕ್ಕಕ್ಕೆ ಬರುತ್ತದೆ.

ಜನವರಿ 1 ತಪ್ಪಿಹೋಯಿತೆಂದು ಮುಂದಿನ ವರ್ಷಕ್ಕೆ ಕಾಯಬೇಕಿಲ್ಲ. ಹೊಸ ವರ್ಷಕ್ಕಿರುವ ಈ ಹುರುಪು ಹೊಸ ವಾರ, ಹೊಸ ತಿಂಗಳು, ಹುಟ್ಟುಹಬ್ಬದ ಮರುದಿನಗಳಿಗೂ ಇದೆ ಎಂದು ಸಂಶೋಧಕರಾದ ಹೆಂಗ್‌ಚೆನ್ ದಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ 2014ರಲ್ಲಿ ಬರೆದಿದ್ದಾರೆ. ಜನ ಜಿಮ್‌ಗೆ ಹೋಗುವ ಲೆಕ್ಕ ತೆಗೆದು ನೋಡಿ ಕಂಡುಕೊಂಡದ್ದು ಅದು. ಬರುವ ಸೋಮವಾರವೂ ಆದೀತು.

ಕೊನೆಗೆ ಇನ್‌ಸ್ಟಾಗ್ರಾಂ. ದಿನವೂ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಕಲೇಬೇಕು ಎಂದಾದಾಗ ಕೈ ತನ್ನಷ್ಟಕ್ಕೆ ಚೆಂದ ಕಾಣುವುದರ ಕಡೆ ಓಡುತ್ತದೆ, ಕಲಿಯಬೇಕಾದ್ದು ಪಕ್ಕಕ್ಕೆ ಸರಿಯುತ್ತದೆ. ಎಲ್ಲ ಮುಗಿದ ಮೇಲೆ ಒಟ್ಟಿಗೆ ಹಾಕಿ. ಆದರೆ ನಡುವೆ ಒಬ್ಬರಾದರೂ ನೋಡುತ್ತಿರಲಿ. ನಾನು ಪ್ರತಿ ಶನಿವಾರ ನಾಲ್ಕು ಹಾಳೆಯ ಫೋಟೋ ತೆಗೆದು ಗೆಳತಿಯೊಬ್ಬಳಿಗೆ ಕಳಿಸುತ್ತಿದ್ದೆ. ಅವಳು ಡಿಸೈನರ್ ಅಲ್ಲ, ಪ್ರೂಫ್ ನೋಡುವವಳು. ಎಂಟನೇ ವಾರ ಅವಳಿಂದ ಬಂದ ಉತ್ತರ ಒಂದೇ ಸಾಲು: ‘ಇದರಲ್ಲಿ ಧ ಎರಡು ಸಲ ಯಾಕಿದೆ?’ ನೋಡಿದರೆ ಒಂದು ಥ. ಬಳುಕು ಚೆನ್ನಾಗಿ ಬಂತೆಂದು ಗೆರೆ ದಪ್ಪ ಮಾಡುತ್ತಾ ಹೋಗಿ, ಹೊಟ್ಟೆಯೊಳಗಿನ ಚುಕ್ಕೆಯನ್ನು ಮಸಿಯಲ್ಲಿ ಮುಳುಗಿಸಿಬಿಟ್ಟಿದ್ದೆ. ಆ ಹಾಳೆ ಮತ್ತೆ ಬರೆದೆ, ಆಮೇಲೆ ಅಂಥದ್ದೇ ಇನ್ನೂ ಏಳು. 49 ಅಕ್ಷರಕ್ಕೆ ನನ್ನ ಬಳಿ ಈಗ 57 ಹಾಳೆಗಳಿವೆ.