ಸಾವಿರ ಕಾಳಿನಲ್ಲಿ ಏಳು

ರಾಶಿ ಮುಗಿದು ತೊಗರಿ ಮನೆಗೆ ಬಂದ ಮೇಲೆ ಅವ್ವ ಮೊರ ಹಿಡಿದು ಕೂರುತ್ತಿದ್ದಳು. ಕೆಳಗೆ ಶಾಬಾದಿ ಕಲ್ಲಿನ ತಣ್ಣನೆಯ ನೆಲ. ಕೇರಿ ಕೇರಿ ಹೊಟ್ಟು ಹಾರಿಸುವುದು ಅವಳ ಕೆಲಸ, ಕಲ್ಲು ಕಡ್ಡಿ ಆರಿಸುವುದು ನನ್ನದು. ಒಂದು ವರ್ಷ ಬೀಜಕ್ಕೆಂದು ಎತ್ತಿಟ್ಟ ತೊಗರಿಯಲ್ಲಿ ಬೇರೆ ತಳಿಯ ಕಾಳು ಬೆರೆತುಬಿಟ್ಟಿತ್ತು. ಬಣ್ಣ ಅದೇ, ಗಾತ್ರವೂ ಹೆಚ್ಚು ಕಡಿಮೆ ಅದೇ. ನಾನು ಆರಿಸುತ್ತೇನೆ ಎಂದು ಕೂತೆ. ಅವ್ವ ನಕ್ಕಳು. “ಕಲ್ಲು ಆರಿಸೋದೇನು ದೊಡ್ಡದು? ಕಾಳಾಗಿನ ಕಾಳು ಆರಿಸು ನೋಡಮ್.”

ಅರ್ಧ ತಾಸಿಗೆ ನಾನು ಎದ್ದೆ. ಬಾಂಬು ಮಾಡಲು ಹೊರಟವರು ಏಳಲಿಲ್ಲ. ಯುರೇನಿಯಂ ಕೈಯಲ್ಲಿ ಹಿಡಿದಾಗ ಅವರ ಮುಂದೆ ಇದ್ದದ್ದೂ ಇದೇ ಕೆಲಸ.

ಯುರೇನಿಯಂ ಅಂದರೆ ನಮ್ಮ ಭಾಗಕ್ಕೆ ದೂರದ ಮಾತಲ್ಲ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿ ಗೊತ್ತಲ್ವಾ? ವಿಜಯಪುರದ ಆದಿಲ್‌ಶಾಹಿಗಳಲ್ಲಿ ಮೊದಲ ಕೆಲವು ಸುಲ್ತಾನರ ಗೋರಿ ಇರುವ ಊರು. ಅದರ ನೆಲದಡಿ ಯುರೇನಿಯಂ ಇದೆ. ಮನೆ ಮನೆಯ ನೆಲಕ್ಕೆ ಹಾಸುವ ಶಾಬಾದಿ ಕಲ್ಲು ಯಾವ ಸುಣ್ಣಕಲ್ಲಿನ ಪದರದಿಂದ ಬರುತ್ತದೋ, ಅದೇ ಭೀಮಾ ಕಣಿವೆಯ ಪದರಗಳ ದಕ್ಷಿಣದ ಅಂಚು ಇದು. ಇಲ್ಲಿ ಭೂಮಿಯಲ್ಲೊಂದು ಉದ್ದನೆಯ ಬಿರುಕಿದೆ. ಅದರ ಗುಂಟ ಸುಣ್ಣಕಲ್ಲೂ ಕೆಳಗಿನ ಗ್ರಾನೈಟೂ ನುಚ್ಚಾಗಿವೆ. ಆ ನುಚ್ಚಿನ ಸಂದಿಯಲ್ಲಿ, ಎಂದೋ ಹರಿದ ನೀರು ಹೊತ್ತು ತಂದ ಯುರೇನಿಯಂ ಕೂತಿದೆ. ಅಣುಶಕ್ತಿ ಇಲಾಖೆಯವರು ವರ್ಷಗಟ್ಟಲೆ ಬೋರು ಕೊರೆದು, ಒಳಗೆ ಇಳಿದೂ ನೋಡಿದ್ದಾರೆ. ಗಣಿ ಬೇಡ ಎಂದು ಸುತ್ತಲಿನ ಹಳ್ಳಿಗಳವರು ಹೋರಾಟ ಮಾಡಿದ್ದಾರೆ. ನೀರಿನ ಭಯ ಅವರದು, ಅದು ಸುಮ್ನೆ ಹುಟ್ಟಿದ ಭಯ ಅಂತ ನಾನು ಹೇಳಲಾರೆ. ಹಾಗಂತ ನಿಮ್ಮ ಪಡಸಾಲೆಯ ಕಲ್ಲಿಗೆ ಹೆದರಬೇಡಿ. ಅದು ಬಿರುಕಿನ ಕಲ್ಲಲ್ಲ.

ಗೋಗಿಯ ಅದಿರು ಭಾರತದ ಮಟ್ಟಿಗೆ ಗಟ್ಟಿ ಅದಿರು. ಜಾರ್ಖಂಡದ ಜಾದೂಗುಡದಲ್ಲಿ ಸಿಗುವುದಕ್ಕಿಂತ ಎಷ್ಟೋ ಮೇಲು. ಗಟ್ಟಿ ಅಂದರೆ ಎಷ್ಟು? ಒಂದು ಟನ್ ಕಲ್ಲು ಪುಡಿ ಮಾಡಿದರೆ ಎರಡು ಕಿಲೋ ಒಳಗೆ ಯುರೇನಿಯಂ ಆಕ್ಸೈಡ್. ಅದರಲ್ಲೂ ಬಾಂಬಿಗೆ ಬೇಕಾದ ಜಾತಿಯ ಯುರೇನಿಯಂ ಸುಮಾರು ಹನ್ನೊಂದು ಗ್ರಾಂ. ಟನ್ ಬಂಡೆಗೆ ಒಂದು ತೊಲಕ್ಕಿಂತ ತುಸು ಕಮ್ಮಿ.

ಯಾಕೆ ಇಷ್ಟು ಕಮ್ಮಿ ಅಂದರೆ ಯುರೇನಿಯಂನಲ್ಲಿ ಮುಖ್ಯವಾಗಿ ಎರಡು ತಳಿ. ಒಂದರ ತೂಕ 238, ಇನ್ನೊಂದರದು 235. ರಸಾಯನದಲ್ಲಿ ಎರಡೂ ಅವಳಿ ಜವಳಿ. ಯಾವ ಆಸಿಡ್ ಸುರಿದರೂ ಒಂದೇ ಥರ ಕರಗುತ್ತವೆ. 1938ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಒಟ್ಟೋ ಹಾನ್ ಮತ್ತು ಫ್ರಿಟ್ಜ್ ಸ್ಟ್ರಾಸ್‌ಮನ್ ಯುರೇನಿಯಂ ಮೇಲೆ ನ್ಯೂಟ್ರಾನ್ ಹೊಡೆದು ವಿಚಿತ್ರ ಫಲಿತಾಂಶ ಪಡೆದರು. ಪರಮಾಣುವಿನ ನಡುವಿನ ಗಟ್ಟಿ ಎರಡು ಹೋಳಾಗಿದೆ ಎಂದು ಅದನ್ನು ಬಿಡಿಸಿ ಹೇಳಿದವರು ಲೀಸ ಮೈಟ್ನರ್ ಮತ್ತು ಆಕೆಯ ಅಕ್ಕನ ಮಗ ಒಟ್ಟೋ ಫ್ರಿಶ್. ಒಡೆದಾಗ ಶಕ್ತಿ ಬರುತ್ತದೆ, ಜತೆಗೆ ಎರಡೋ ಮೂರೋ ಹೊಸ ನ್ಯೂಟ್ರಾನ್ ಹಾರುತ್ತವೆ. ಅವು ಪಕ್ಕದ್ದನ್ನು ಒಡೆದರೆ ಸರಪಳಿ ಬೆಳೆಯುತ್ತದೆ. ಈ ಸರಪಳಿ ಹಿಡಿಯುವುದು 235ರಲ್ಲಿ. ಒಂದು ಕಿಲೋ ಪೂರ್ತಿ ಒಡೆದರೆ ಸುಮಾರು 3,000 ಟನ್ ಕಲ್ಲಿದ್ದಲಿನ ಕಾವು. ವಾಡಿ ಜಂಕ್ಷನ್‌ನಲ್ಲಿ ಗೇಟು ಹಾಕಿಸಿ ನಮ್ಮನ್ನು ಕಾಯಿಸುವ ಗೂಡ್ಸ್ ರೈಲು ಇದೆಯಲ್ಲ, ಹೆಚ್ಚು ಕಡಿಮೆ ಅಂಥದ್ದೊಂದು ರೈಲು ತುಂಬ ಕಲ್ಲಿದ್ದಲು.

ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿದವರಿಗೆ ಇನ್ನೊಂದು ಹೋಲಿಕೆ ಸಿಗುತ್ತದೆ. ಅಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹೋಯಿತು, ಎರಡು ಮಿನಾರುಗಳಲ್ಲಿ ಒಂದೇ ಉಳಿಯಿತು. ಮದ್ದಿನ ಕೋಣೆಯ ಆಟ ಒಂದು ಗೋಡೆ, ಒಂದು ಮಿನಾರಿಗೆ ಮುಗಿಯಿತು. 1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಿದ್ದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ನಿಜಕ್ಕೂ ಒಡೆದದ್ದು ಒಂದು ಕಿಲೋಗಿಂತ ಕಮ್ಮಿ. ಆ ಕಮ್ಮಿಯೇ ಸುಮಾರು 15,000 ಟನ್ ಟಿಎನ್‌ಟಿ ಸಿಡಿಮದ್ದಿಗೆ ಸಮ.

ಈಗ ಮೊರಕ್ಕೆ ಬರೋಣ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸಾವಿರ ಕಾಳು ಎಣಿಸಿದರೆ ಏಳು ಮಾತ್ರ 235. ಉಳಿದ 993 ಬೇರೆ ತಳಿ. ಬೇರ್ಪಡಿಸಲು ಇರುವ ಒಂದೇ ಸುಳಿವು ತೂಕದ ಚೂರು ವ್ಯತ್ಯಾಸ. ಅದಕ್ಕೇ ಯುರೇನಿಯಂಗೆ ಫ್ಲೋರಿನ್ ಸೇರಿಸಿ ಅನಿಲ ಮಾಡಿ, ತೆಳ್ಳನೆಯ ಕೊಳವೆಗಳಲ್ಲಿ ತುಂಬಿ, ಭಯಂಕರ ವೇಗದಲ್ಲಿ ತಿರುಗಿಸುತ್ತಾರೆ. ಭಾರದ್ದು ಗೋಡೆ ಕಡೆಗೆ ಸರಿಯುತ್ತದೆ, ಹಗುರದ್ದು ನಡುವೆ ಉಳಿಯುತ್ತದೆ. ಒಂದು ಸಲಕ್ಕೆ ಆಗುವ ಫರಕು ಕಣ್ಣಿಗೆ ಕಾಣದಷ್ಟು. ಹಾಗಾಗಿ ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಸಾವಿರಾರು ಮೊರಗಳನ್ನು ಸಾಲಾಗಿ ಇಟ್ಟು ಹಗಲೂ ರಾತ್ರಿ ಕೇರಿದ ಹಾಗೆ. ಈ ಯಂತ್ರವೇ ಸೆಂಟ್ರಿಫ್ಯೂಜ್.

ಇಲ್ಲೊಂದು ಲೆಕ್ಕ ಇದೆ, ಪೇಪರ್ ಓದುವ ಎಲ್ಲರೂ ಒಮ್ಮೆ ಮಾಡಿ ನೋಡಬೇಕಾದ್ದು. ಜಗತ್ತಿನ ಹೆಚ್ಚಿನ ಅಣು ವಿದ್ಯುತ್ ಸ್ಥಾವರಗಳಿಗೆ ನೂರಕ್ಕೆ ನಾಲ್ಕರ ಆಸುಪಾಸು 235 ಇದ್ದರೆ ಸಾಕು. ಅಂದರೆ ಆ ಏಳು ಕಾಳು 175 ಕಾಳಿನ ರಾಶಿಯಲ್ಲಿರಬೇಕು. ಸಾವಿರದಿಂದ 825 ಕಾಳು ತೆಗೆದು ಹಾಕಿದರೆ ಅಷ್ಟಾಯಿತು. ಬಾಂಬಿಗೆ ನೂರಕ್ಕೆ 90 ಬೇಕು. ಏಳು ಕಾಳಿಗೆ ಒಂದೇ ಒಂದು ಬೇರೆ ಕಾಳು. ಅದಕ್ಕೆ ಇನ್ನೆಷ್ಟು ತೆಗೆಯಬೇಕು? 167. ಕೆಲಸದ ಬಹುಪಾಲು ಕರೆಂಟಿನ ಹೆಸರಿನಲ್ಲಿ ಆಗಲೇ ಮುಗಿದಿದೆ! ನೂರಕ್ಕೆ 20 ತಲುಪಿದವನ ರಾಶಿಯಲ್ಲಿ 35 ಕಾಳು ಇರುತ್ತವೆ, 60 ತಲುಪಿದವನ ಹತ್ತಿರ ಹನ್ನೆರಡು. ನಿಜದ ಕಾರ್ಖಾನೆಯಲ್ಲಿ ಹೊಟ್ಟಿನ ಜತೆ ಒಂದೆರಡು ಒಳ್ಳೆಯ ಕಾಳೂ ಹೋಗುತ್ತವೆ, ಅಂಕಿ ಸ್ವಲ್ಪ ಅತ್ತಿತ್ತ ಆಗುತ್ತದೆ ಅಷ್ಟೇ.

ಇರಾನ್ ಸುದ್ದಿ ಬಂದಾಗಲೆಲ್ಲ ಈ ಅಂಕಿಗಳಿಗೇ ಜಗಳ. 2015ರ ಒಪ್ಪಂದದಲ್ಲಿ ಇರಾನ್ ನೂರಕ್ಕೆ 3.67 ದಾಟುವುದಿಲ್ಲ, 300 ಕಿಲೋಗಿಂತ ಜಾಸ್ತಿ ಇಟ್ಟುಕೊಳ್ಳುವುದಿಲ್ಲ ಎಂದು ಒಪ್ಪಿತ್ತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಬಂತು. 2021ರಲ್ಲಿ ಇರಾನ್ 60ಕ್ಕೆ ಏರಿತು. ನಾಲ್ಕಕ್ಕೂ 60ಕ್ಕೂ ಆಕಾಶ ಭೂಮಿ ವ್ಯತ್ಯಾಸ ಅನ್ನಿಸುತ್ತದೆ. 60ಕ್ಕೂ 90ಕ್ಕೂ ನಡುವೆ ಎಷ್ಟು ಕಾಳು ಉಳಿದಿದೆ, ಈಗ ನೀವೇ ಹೇಳಿ.

ನಮ್ಮ ಕೈಗಾದಲ್ಲಿ ಈ ಕೇರುವ ಕೆಲಸವೇ ಇಲ್ಲ. ಅಲ್ಲಿರುವ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಹಸನು ಮಾಡದ ಯುರೇನಿಯಂ ಉರಿಸುತ್ತವೆ, ಮಾಮೂಲಿ ನೀರಿನ ಬದಲು, ತೂಕದ ಹೈಡ್ರೋಜನ್ ಇರುವ ಭಾರಜಲ ಬಳಸಿ. ಮೊದಲನೆಯ ಘಟಕ 2018ರ ಕೊನೆಗೆ 962 ದಿನ ಒಂದೇ ಸಮ ನಡೆದು ಆಗಿನ ವಿಶ್ವ ದಾಖಲೆ ಮಾಡಿತು. ಹಾಗಾದರೆ ಬಾಂಬಿನ ತಂಟೆ ಇಲ್ಲವೇ? ಇದೆ, ಹೊಟ್ಟಿನಲ್ಲಿ. ಯಾವುದೇ ರಿಯಾಕ್ಟರ್‌ನಲ್ಲಿ 238 ನ್ಯೂಟ್ರಾನ್ ನುಂಗಿ ಪ್ಲುಟೋನಿಯಂ ಆಗುತ್ತದೆ. ತೊಗರಿ ಹೊಟ್ಟು ದನಕ್ಕೆ ಹೋಗುತ್ತದೆ. ಈ ಹೊಟ್ಟಿನಿಂದ ರಸಾಯನದ ದಾರಿಯಲ್ಲೇ ಪ್ಲುಟೋನಿಯಂ ಬೇರ್ಪಡಿಸಬಹುದು, ಯಾಕೆಂದರೆ ಅದು ಬೇರೆಯೇ ಮೂಲವಸ್ತು. ಕಾಳಿನೊಳಗಿನ ಕಲ್ಲು ಆರಿಸಿದ ಹಾಗೆ. ನಾಗಾಸಾಕಿಯ ಬಾಂಬಿಗೆ ಹಾಕಿದ್ದು ಬರೀ ಆರು ಕಿಲೋ ಪ್ಲುಟೋನಿಯಂ. ಭಾರತ 1974ರ ಮೇ 18ರಂದು ಪೋಖರಣ್‌ನಲ್ಲಿ ಸಿಡಿಸಿದ್ದರ ಪ್ಲುಟೋನಿಯಂ, ಕೆನಡಾ ನೆರವಿನಿಂದ ಟ್ರಾಂಬೆಯಲ್ಲಿ ಕಟ್ಟಿದ ಸೈರಸ್ ಎಂಬ ಸಂಶೋಧನಾ ರಿಯಾಕ್ಟರ್‌ನಿಂದ ಬಂದದ್ದು. ಶಾಂತಿಯ ಕೆಲಸಕ್ಕೆ ಎಂದು ಕೊಟ್ಟಿದ್ದೆವು ಅಂತ ಕೆನಡಾ ಸಿಟ್ಟಾಯಿತು. ಶಾಂತಿಯ ಸ್ಫೋಟವೇ ಮಾಡಿದ್ದೇವೆ ಅಂದೆವು ನಾವು. ನನಗೂ ಇದು ಕೊಂಚ ಜಾಣತನದ ಉತ್ತರ ಅನ್ನಿಸುತ್ತದೆ.

ಒಂದೇ ಸರಕು ದೀಪಕ್ಕೂ ಬಾಂಬಿಗೂ ಆಗುತ್ತದೆ ಅಂದಮೇಲೆ ಕಾಯುವುದು ಹೇಗೆ? ಇದು ಕೊನೆಗೆ ತಕ್ಕಡಿಯ ಪ್ರಶ್ನೆ. ನಾನು ಸಣ್ಣವನಿದ್ದಾಗ ಅಪ್ಪ ಮನೆಯಲ್ಲೇ ತೂಗಿದ ತೊಗರಿ ಚೀಲಗಳನ್ನು ಕಲಬುರಗಿ ಗಂಜ್‌ಗೆ ಒಯ್ದ. ಒಂದು ಅಂಗಡಿಯಲ್ಲಿ ಕ್ವಿಂಟಲ್‌ಗೆ ಎರಡು ಕಿಲೋ ಕಮ್ಮಿ ತೋರಿಸಿತು. ಕಾಳು ಒಣಗಿದೆ, ಚೀಲ ಸೋರಿದೆ, ನಿಮ್ಮ ತಕ್ಕಡಿ ಸರಿಯಿಲ್ಲ, ಹೀಗೆ ಮೂರು ಕಾರಣ ಬಂದವು. ಮೂರೂ ಸುಳ್ಳಾಗಿರಬೇಕೆಂದಿಲ್ಲ, ಅದೇ ಕಷ್ಟ. ಯಾರ ತಕ್ಕಡಿ ನಂಬುವುದು?

ದೇಶಗಳ ನಡುವೆ ಆ ಮೂರನೆಯ ತಕ್ಕಡಿ ಹಿಡಿದಿರುವುದು ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ. ಶುರುವಾದದ್ದು 1957ರಲ್ಲಿ. ಅವರ ಲೆಕ್ಕದಲ್ಲಿ ಎರಡು ಅಂಕಿ ಮುಖ್ಯ: 8 ಕಿಲೋ ಪ್ಲುಟೋನಿಯಂ, ಅಥವಾ ಚೆನ್ನಾಗಿ ಕೇರಿದ ಯುರೇನಿಯಂನಲ್ಲಿ 25 ಕಿಲೋ 235. ಅಷ್ಟು ತಪ್ಪಿಸಿಕೊಂಡರೆ ಒಂದು ಬಾಂಬು ಆಗಬಹುದು ಎಂದು ಹಿಡಿಯುತ್ತಾರೆ. ಅದಕ್ಕೇ ಇನ್‌ಸ್ಪೆಕ್ಟರುಗಳು ಹೋಗಿ ತೂಗುತ್ತಾರೆ, ಡಬ್ಬಿಗಳಿಗೆ ಸೀಲು ಹಾಕುತ್ತಾರೆ, ಕ್ಯಾಮೆರಾ ಕೂರಿಸುತ್ತಾರೆ. ಒಂದು ತುಂಡು ಹತ್ತಿ ಬಟ್ಟೆಯಿಂದ ಮೇಜು, ಬಾಗಿಲ ಹಿಡಿ ಒರೆಸಿ ಚೀಲಕ್ಕೆ ಹಾಕಿಕೊಂಡು ಬರುತ್ತಾರೆ. ಆ ಧೂಳಿನ ಒಂದು ಕಣ ಸಾಕು, ಅಲ್ಲಿ ಎಷ್ಟರ ಮಟ್ಟಿಗೆ ಕೇರಿದ್ದಾರೆ ಅಂತ ಲ್ಯಾಬು ಹೇಳುತ್ತದೆ. ಕಾರ್ಖಾನೆಯ ಪೈಪಿಗೆ ಅಂಟಿದ್ದು, ಸೋರಿದ್ದು, ಅಳತೆಯ ತಪ್ಪು, ಎಲ್ಲ ಸೇರಿ ಲೆಕ್ಕಕ್ಕೆ ಸಿಗದ ಸರಕು ಅಂತ ಪ್ರತಿ ಸಲ ಒಂದಿಷ್ಟು ಉಳಿಯುತ್ತದೆ. ಅದು ಪೈಪಿನಲ್ಲಿದೆಯೋ ಕಳ್ಳತನದಲ್ಲಿದೆಯೋ ಎಂಬುದೇ ಅವರ ನಿತ್ಯದ ತಲೆಬಿಸಿ.

ಲೆಕ್ಕದ ಹುಚ್ಚು ಎಷ್ಟು ಅಂದರೆ, 1972ರಲ್ಲಿ ಫ್ರಾನ್ಸಿನ ಒಂದು ಕಾರ್ಖಾನೆಗೆ ಬಂದ ಯುರೇನಿಯಂನಲ್ಲಿ 235ರ ಪಾಲು ನೂರಕ್ಕೆ 0.720 ಇರಬೇಕಾದಲ್ಲಿ 0.717 ಕಂಡಿತು. ಯಾರೋ ಕದ್ದರೇ? ಹುಡುಕುತ್ತಾ ಆಫ್ರಿಕಾದ ಗಬೋನ್ ದೇಶದ ಓಕ್ಲೋ ಗಣಿಗೆ ಹೋದರು. ಕಳ್ಳ ಅಲ್ಲೇ ನೆಲದಲ್ಲಿದ್ದ. ಸುಮಾರು 200 ಕೋಟಿ ವರ್ಷದ ಹಿಂದೆ ಅದಿರಿಗೆ ನೀರು ನುಗ್ಗಿ, ತನ್ನಷ್ಟಕ್ಕೆ ಸರಪಳಿ ಹಿಡಿದು, ನಿಸರ್ಗವೇ ರಿಯಾಕ್ಟರ್ ನಡೆಸಿತ್ತು. 235 ಬೇಗ ಸವೆಯುವ ತಳಿ. ಆ ಕಾಲಕ್ಕೆ ಸಾವಿರ ಕಾಳಿನಲ್ಲಿ ಏಳಲ್ಲ, ಮೂವತ್ತಕ್ಕಿಂತ ಜಾಸ್ತಿ ಇದ್ದವು. ಕೇರುವವರು ಬೇಕಾಗಿರಲಿಲ್ಲ.

ಒಪ್ಪಂದಗಳ ಕಥೆ ಇಷ್ಟು ಚೊಕ್ಕವಲ್ಲ. 1954ರ ಏಪ್ರಿಲ್ 2ರಂದು ನೆಹರೂ ಸಂಸತ್ತಿನಲ್ಲಿ ಪರೀಕ್ಷಾ ಸ್ಫೋಟ ನಿಲ್ಲಿಸಿ ಎಂದು ಕೇಳಿದರು. 1963ರ ಒಪ್ಪಂದ ಗಾಳಿ, ನೀರು, ಬಾಹ್ಯಾಕಾಶದಲ್ಲಿ ಸಿಡಿಸಬಾರದು ಅಂದಿತು, ನೆಲದಡಿಯದನ್ನು ಬಿಟ್ಟಿತು. ಪೂರ್ತಿ ನಿಲ್ಲಿಸುವ 1996ರ ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ, ಭಾರತವೂ ಸಹಿ ಹಾಕಿಲ್ಲ. ಬಾಂಬು ಹೊಸಬರಿಗೆ ಹರಡದಂತೆ ತಡೆಯಲು 1970ರಲ್ಲಿ ಜಾರಿಯಾದ ಎನ್‌ಪಿಟಿ ಒಪ್ಪಂದದ ಪ್ರಕಾರ, 1967ರ ಜನವರಿ 1ಕ್ಕೆ ಮೊದಲು ಸಿಡಿಸಿದ ಐದು ದೇಶದವರು ಬಾಂಬು ಇಟ್ಟುಕೊಳ್ಳಬಹುದು, ಉಳಿದವರು ಮಾಡಬಾರದು. ಐವರು ನಿಧಾನಕ್ಕೆ ಕೈಬಿಡಬೇಕು ಎಂಬ ಮಾತೂ ಅದರಲ್ಲಿದೆ. ಮೊದಲು ಬಂದವರಿಗೆ ಸೀಟು ಅಂದ ಹಾಗಾಯಿತಲ್ಲ ಎಂದು ಭಾರತ ಒಪ್ಪಲಿಲ್ಲ. ಪಾಕಿಸ್ತಾನ, ಇಸ್ರೇಲ್ ಕೂಡ ಸೇರಲಿಲ್ಲ. ಆದರೂ ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ತಮ್ಮ ಅಣು ಸ್ಥಾವರಗಳ ಪಟ್ಟಿ ಅದಲು ಬದಲು ಮಾಡಿಕೊಳ್ಳುತ್ತವೆ, ಇವುಗಳ ಮೇಲೆ ದಾಳಿ ಮಾಡಬಾರದು ಅಂತ. ಮಾತು ಬಿಟ್ಟ ವರ್ಷಗಳಲ್ಲೂ ಈ ಪಟ್ಟಿ ತಪ್ಪಿಲ್ಲ.

ಕೇರಿದ್ದನ್ನು ಮತ್ತೆ ಬೆರೆಸಿದ ಉದಾಹರಣೆಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. 1993ರಲ್ಲಿ ರಷ್ಯಾ ತನ್ನ ಬಾಂಬುಗಳಿಂದ ತೆಗೆದ 500 ಟನ್ ಯುರೇನಿಯಂಗೆ ಬೇರೆ ಕಾಳು ಬೆರೆಸಿ ತೆಳುವಾಗಿಸಿ ಅಮೆರಿಕಕ್ಕೆ ಮಾರಲು ಒಪ್ಪಿತು. ಸುಮಾರು 20,000 ಸಿಡಿತಲೆಗಳ ಸರಕು. 2013ರವರೆಗೆ ಅಮೆರಿಕದ ಕರೆಂಟಿನಲ್ಲಿ ಹತ್ತಕ್ಕೆ ಒಂದು ಪಾಲು ಅದರಿಂದಲೇ ಬರುತ್ತಿತ್ತು. 1986ರಲ್ಲಿ ಜಗತ್ತಿನಲ್ಲಿ 70,000ದಷ್ಟಿದ್ದ ಸಿಡಿತಲೆಗಳು ಈಗ 12,000ದ ಆಸುಪಾಸಿಗೆ ಇಳಿದಿವೆ.

ಉಳಿದವುಗಳಲ್ಲಿ ಬಹುಪಾಲು ಇರುವುದು ಅಮೆರಿಕ, ರಷ್ಯಾ ಹತ್ತಿರ. ಅವೆರಡರ ನಡುವೆ 2011ರಲ್ಲಿ ಜಾರಿಯಾದ ನ್ಯೂ ಸ್ಟಾರ್ಟ್ ಒಪ್ಪಂದ, ಹಾರಿಸಲು ಸಿದ್ಧವಾಗಿಟ್ಟ ಸಿಡಿತಲೆ 1,550 ದಾಟಬಾರದು ಅಂದಿತು. ಒಬ್ಬರ ನೆಲೆಗೆ ಇನ್ನೊಬ್ಬರು ವರ್ಷಕ್ಕೆ 18 ಸಲ ಹೋಗಿ ನೋಡಬಹುದಿತ್ತು. ಕ್ಷಿಪಣಿಯ ಮೂತಿ ಬಿಚ್ಚುತ್ತಾರೆ. ಒಳಗಿನ ಗುಟ್ಟು ಕಾಣದಂತೆ ಸಿಡಿತಲೆಗಳಿಗೆ ಒಂದೊಂದು ಹೊದಿಕೆ ಹಾಕಿರುತ್ತಾರೆ. ಬಂದವರು ಹೊದಿಕೆ ಎಣಿಸುತ್ತಾರೆ: ಒಂದು, ಎರಡು, ಮೂರು. ಬರೆದುಕೊಂಡು ವಾಪಸ್ ಹೋಗುತ್ತಾರೆ. ಹೀಗೆ 300ಕ್ಕೂ ಜಾಸ್ತಿ ಸಲ ಆಗಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಎಂದು ನಿಲ್ಲಿಸಿದರು. 2023ರಲ್ಲಿ ರಷ್ಯಾ ಒಪ್ಪಂದವನ್ನೇ ತಡೆಹಿಡಿಯಿತು. ಒಪ್ಪಂದದ ಅವಧಿ ಇದ್ದದ್ದು 2026ರ ಫೆಬ್ರವರಿ 5ರವರೆಗೆ. ಹೊದಿಕೆ ಎಣಿಸುವವರು ಮತ್ತೆ ಹೋಗಲೇ ಇಲ್ಲ.