ಪರಿಶೋಧನೆ: ಒರೆಗೆ ಹಚ್ಚಿದ ನಂಬಿಕೆ

ನಮ್ಮ ದಾವಣಗೆರೆಯ ಪ್ರಾರ್ಥನಾ ಕೂಟಗಳಲ್ಲಿ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಮನೇಲಿ ಶೋಧನೆ ಇದೆ, ಪ್ರಾರ್ಥನೆ ಮಾಡಿ ಅಕ್ಕಾ." ಮಗನ ಕೆಲಸ ಹೋಗಿರುತ್ತದೆ. ಅಥವಾ ಯಾರಿಗೋ ಕಾಯಿಲೆ, ಯಾರದೋ ತಲೆಯ ಮೇಲೆ ಸಾಲ. ಎಲ್ಲಕ್ಕೂ ಇದೊಂದೇ ಪದ. ಭಾನುವಾರ ಕರ್ತನ ಪ್ರಾರ್ಥನೆ ಹೇಳುವಾಗಲೂ ಅದೇ ಬರುತ್ತದೆ: ನಮ್ಮನ್ನು ಶೋಧನೆಗೆ ಒಳಪಡಿಸಬೇಡ ಅಂತ ಬೇಡಿಕೊಳ್ಳುತ್ತೇವೆ. ಆದರೆ ಬೈಬಲ್ಲಿನ ಯಾಕೋಬನ ಪತ್ರಿಕೆ ತೆರೆದರೆ, ಶೋಧನೆಗಳು ಬಂದಾಗ ಸಂತೋಷಪಡಿ ಅನ್ನುತ್ತದೆ. ಬೇಡ ಅಂತ ಕೇಳುವುದೋ, ಬಂತಲ್ಲ ಅಂತ ಸಂತೋಷಪಡುವುದೋ? ನನಗೆ ಬಹಳ ವರ್ಷ ಇದು ಅರ್ಥವೇ ಆಗಿರಲಿಲ್ಲ.

ಪದದಿಂದಲೇ ಶುರು ಮಾಡೋಣ. ಶೋಧಿಸು ಅಂದರೆ ಹುಡುಕು. ಅಡುಗೆಮನೆಯಲ್ಲಿ ಅದಕ್ಕೆ ಸೋಸು ಅನ್ನುವ ಅರ್ಥವೂ ಇದೆ. ಬೆಣ್ಣೆ ಕಾಯಿಸಿ ತುಪ್ಪ ಶೋಧಿಸುತ್ತೇವೆ, ಅಲ್ವಾ? ತುಪ್ಪವನ್ನು ನಾವು ಹೊರಗಿನಿಂದ ತಂದು ಸೇರಿಸಲಿಲ್ಲ. ಅದು ಬೆಣ್ಣೆಯಲ್ಲೇ ಇತ್ತು. ಕಾಯಿಸಿದ್ದರಿಂದ ತುಪ್ಪ ಬೇರೆ, ಗಸಿ ಬೇರೆ ಆಯಿತು. ಈ ಮನೆಮಾತಿನ ಅರ್ಥವೇ ಬೈಬಲ್ಲಿನ ಅರ್ಥಕ್ಕೆ ತುಂಬ ಹತ್ತಿರ.

ಹೊಸ ಒಡಂಬಡಿಕೆಯನ್ನು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಇದಕ್ಕೆ ಎರಡು ಪದಗಳಿವೆ. ಒಂದು ಪೈರಾಸ್ಮೊಸ್. ಕಷ್ಟದ ಪರೀಕ್ಷೆಗೂ ಅದೇ ಪದ, ಕೆಟ್ಟದ್ದಕ್ಕೆ ಎಳೆಯುವ ಪ್ರಲೋಭನೆಗೂ ಅದೇ ಪದ. ನಮ್ಮ ಗೊಂದಲದ ಬೇರು ಇಲ್ಲಿದೆ. ಯಾಕೋಬನಿಗೂ ಇದು ಗೊತ್ತಿದ್ದಂತಿದೆ. ಅದಕ್ಕೇ ಮೊದಲನೆಯ ಅಧ್ಯಾಯದಲ್ಲೇ, ದೇವರು ಯಾರನ್ನೂ ಕೆಟ್ಟದ್ದಕ್ಕೆ ಸೆಳೆಯುವುದಿಲ್ಲ, ಸೆಳೆಯುವುದು ಅವರವರ ಆಸೆಯೇ ಎಂದು ಬಿಡಿಸಿ ಹೇಳುತ್ತಾನೆ. ಬರುವ ಕಷ್ಟ ಒಂದೇ ಇರಬಹುದು. ಅದರಲ್ಲಿ ಸೈತಾನ ನಮ್ಮನ್ನು ಬೀಳಿಸಲು ನೋಡುತ್ತಾನೆ, ದೇವರು ನಮ್ಮೊಳಗಿನ ಒಳ್ಳೆಯದನ್ನು ಹೊರಗೆ ತರಲು ನೋಡುತ್ತಾನೆ.

ಎರಡನೆಯ ಪದ ದೊಕಿಮಿಯೋನ್. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಯಾಕೋಬ 1:3ರಲ್ಲಿ ಇದೆ, 1 ಪೇತ್ರ 1:7ರಲ್ಲಿ ಇದೆ. ಒರೆಗೆ ಹಚ್ಚುವುದು ಅಂತಲೂ ಅರ್ಥ, ಒರೆಗೆ ಹಚ್ಚಿದ ಮೇಲೆ ಗಟ್ಟಿ ಅಂತ ಗೊತ್ತಾದ ಗುಣ ಅಂತಲೂ ಅರ್ಥ. ಈಜಿಪ್ಟಿನಲ್ಲಿ ಸಿಕ್ಕ ಹಳೆಯ ಪಪೈರಸ್ ಪತ್ರಗಳಲ್ಲಿ ಅಪ್ಪಟ ಬಂಗಾರಕ್ಕೆ ಇದೇ ಪದದ ರೂಪ ಬಳಸಿದ್ದಾರೆ. ಪೇತ್ರನ ಪತ್ರಿಕೆಯೂ ಬಂಗಾರದ ಮಾತನ್ನೇ ಆಡುತ್ತದೆ: ನಾಶವಾಗುವ ಬಂಗಾರವನ್ನೇ ಬೆಂಕಿಯಲ್ಲಿ ಶೋಧಿಸುತ್ತಾರೆ, ನಿಮ್ಮ ನಂಬಿಕೆ ಅದಕ್ಕಿಂತ ಬೆಲೆಯುಳ್ಳದ್ದು.

ನಾನು ಚಿಕ್ಕವನಿದ್ದಾಗ ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಮುಚ್ಚಿತು. ಅಮ್ಮ ಬಳೆ ಗಿರವಿ ಇಡಲು ಹೊರಟಾಗ ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವರು ಬಳೆಯನ್ನು ಕರಿಯ ಕಲ್ಲಿಗೆ ಉಜ್ಜಿದರು. ಮೂಡಿದ ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟರು. ಹಿತ್ತಾಳೆಯಾದರೆ ಗೆರೆ ಕರಗಿ ಹೋಗುತ್ತದೆ, ಬಂಗಾರವಾದರೆ ನಿಲ್ಲುತ್ತದೆ ಅಂತ ಅಮ್ಮ ಪಿಸುಗುಟ್ಟಿದರು. ಗೆರೆ ನಿಂತಿತು. ಆ ಬಳೆ ಮೊದಲಿನಿಂದಲೂ ಬಂಗಾರವೇ. ಕಲ್ಲು ಅದನ್ನು ನಮ್ಮ ಕಣ್ಣಿಗೆ ತೋರಿಸಿಕೊಟ್ಟಿತು, ಅಷ್ಟೆ.

ದೇವರಿಗೆ ಎಲ್ಲವೂ ಗೊತ್ತಿರುವಾಗ ಪರೀಕ್ಷೆ ಯಾಕೆ ಅಂತ ಯುವಕರ ಕೂಟದಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಚಿತ್ರ ತಲೆಯಲ್ಲಿದ್ದರೆ ಆ ಪ್ರಶ್ನೆ ಬರುವುದು ಸಹಜ. ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯ ನೋಡಿ. ದೇವರು ಇಸ್ರಾಯೇಲ್ ಜನರನ್ನು ನಲವತ್ತು ವರ್ಷ ಅರಣ್ಯದಲ್ಲಿ ನಡೆಸಿದ್ದು ನಿಮ್ಮ ಹೃದಯದಲ್ಲಿ ಏನಿದೆ, ಆಜ್ಞೆಗಳನ್ನು ಕೈಕೊಳ್ಳುತ್ತೀರೋ ಇಲ್ಲವೋ ಅಂತ ತಿಳಿಯುವುದಕ್ಕೆ, ಅಂತ ಅಲ್ಲಿದೆ. ಹೃದಯದಲ್ಲಿ ಇದ್ದದ್ದು ಬಯಲಿಗೆ ಬಂದಾಗ ಅದನ್ನು ಮೊದಲ ಸಲ ನೋಡುವವರು ನಾವೇ. ನನ್ನ ಕೋಪ ಎಷ್ಟು, ನನ್ನ ನಂಬಿಕೆ ಎಷ್ಟು ಅಂತ ನನಗೇ ಗೊತ್ತಿರುವುದಿಲ್ಲ.

ಯೇಸು ಹೇಳಿದ ಬಿತ್ತುವವನ ಸಾಮ್ಯದಲ್ಲಿ, ಅಂದರೆ ದೃಷ್ಟಾಂತದ ಕಥೆಯಲ್ಲಿ, ಬಂಡೆಯ ಮೇಲೆ ಬಿದ್ದ ಬೀಜ ಬೇಗ ಮೊಳೆಯುತ್ತದೆ, ಬಿಸಿಲೇರಿದಾಗ ಬಾಡುತ್ತದೆ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆ ಬಿದ್ದ ವಾರದಲ್ಲೇ ಬಂಡೆಯ ಬಿರುಕಿನಲ್ಲಿ ಹುಲ್ಲು ಹಸಿರಾಗುತ್ತದೆ, ಬೇಸಿಗೆಗೆ ಹೇಳಹೆಸರಿಲ್ಲ. ಕೆಳಗೆ ಹೊಲದಲ್ಲಿ ಅದೇ ಬಿಸಿಲಿಗೆ ಜೋಳ ತೆನೆ ಕಟ್ಟುತ್ತದೆ.

ಈಗ ಇನ್ನೊಂದು ಪದ, ವಿಧೇಯತೆ. ಕೇಳಿದರೇ ಕೈಕಟ್ಟಿ ನಿಂತ ಹಾಗೆ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ: ಮಾತು ಕೇಳುವುದು. "ಇವನು ಮಾತೇ ಕೇಳಲ್ಲ" ಅಂದರೆ ಕಿವಿ ಮಂದ ಅಂತ ಅರ್ಥವಲ್ಲ, ಹೇಳಿದಂತೆ ನಡೆಯುವುದಿಲ್ಲ ಅಂತ. ಹೀಬ್ರೂ ಭಾಷೆಯ ಶಮಾ ಎಂಬ ಪದವೂ ಹೀಗೇ, ಕೇಳುವುದಕ್ಕೂ ಕೇಳಿದಂತೆ ನಡೆಯುವುದಕ್ಕೂ ಒಂದೇ. ಗ್ರೀಕ್‌ನ ಹುಪಕೊಯೆ ಎಂಬ ಪದ ಹುಟ್ಟಿದ್ದೂ ಕೇಳು ಎಂಬ ಕ್ರಿಯಾಪದದಿಂದಲೇ. ಯೇಸು ಹೇಳಿದ ಇನ್ನೊಂದು ಸಾಮ್ಯದಲ್ಲಿ ಒಬ್ಬ ಬಂಡೆಯ ಮೇಲೆ, ಇನ್ನೊಬ್ಬ ಮರಳಿನ ಮೇಲೆ ಮನೆ ಕಟ್ಟುತ್ತಾರೆ. ಮರಳಿನ ಮೇಲೆ ಕಟ್ಟಿದವನೂ ಯೇಸುವಿನ ಮಾತನ್ನು ಕಿವಿಯಿಂದ ಕೇಳಿದ್ದ. ಮಳೆ, ಪ್ರವಾಹ, ಗಾಳಿ ಎರಡೂ ಮನೆಗೆ ಒಂದೇ ಥರ ಬಡಿದವು. ಬಂಡೆಯ ಮೇಲಿನ ಮನೆ ನಿಂತದ್ದು ಅದರ ಯಜಮಾನ ಕೇಳಿದ್ದನ್ನು ಮಾಡಿದ್ದರಿಂದ.

ಹಾಗಾದರೆ ಮಾತು ಕೇಳಿದ್ದಕ್ಕೆ ದೇವರು ನಮ್ಮನ್ನು ಒಪ್ಪಿಕೊಳ್ಳುತ್ತಾನಾ? ಅಬ್ರಹಾಮನ ಕಥೆಯನ್ನು ವಯಸ್ಸು ಹಿಡಿದು ಓದಿದರೆ ಉತ್ತರ ಸಿಗುತ್ತದೆ. ಖಾರಾನ್ ಎಂಬ ಊರನ್ನು ಬಿಟ್ಟು ಹೊರಟಾಗ ಅವನಿಗೆ 75. ನಕ್ಷತ್ರಗಳನ್ನು ನೋಡಿ ದೇವರ ಮಾತನ್ನು ನಂಬಿದ್ದು, ಆ ನಂಬಿಕೆ ನೀತಿಯೆಂದು ಎಣಿಕೆಯಾದದ್ದು ಆದಿಕಾಂಡ 15ರಲ್ಲಿ. ಮುಂದಿನ ಅಧ್ಯಾಯದ ಕೊನೆಗೆ, ಮೊದಲ ಮಗ ಇಷ್ಮಾಯೇಲ ಹುಟ್ಟಿದಾಗ, ಅವನಿಗೆ 86. ಇಸಾಕ ಹುಟ್ಟುವಾಗ 100. ಆ ಹುಡುಗ ಸೌದೆ ಹೊರುವಷ್ಟು ದೊಡ್ಡವನಾದ ಮೇಲೆ, 22ನೆಯ ಅಧ್ಯಾಯದಲ್ಲಿ, ಆ ಮಗನನ್ನೇ ಬಲಿ ಕೊಡು ಅಂತ ದೇವರು ಕೇಳಿದ ಮೊರೀಯ ಬೆಟ್ಟದ ಪರಿಶೋಧನೆ. ದೇವರು ಒಪ್ಪಿಕೊಂಡದ್ದು ಮೊದಲು, ಬೆಟ್ಟ ಹತ್ತಿದ್ದು ಎಷ್ಟೋ ವರ್ಷಗಳ ನಂತರ. ಪೌಲ ಹದಿನೈದನೆಯ ಅಧ್ಯಾಯ ಹಿಡಿದು ನಂಬಿಕೆ ಅನ್ನುತ್ತಾನೆ, ಯಾಕೋಬ ಇಪ್ಪತ್ತೆರಡನ್ನು ಹಿಡಿದು ಕ್ರಿಯೆ ಅನ್ನುತ್ತಾನೆ. ಇಬ್ಬರಿಗೂ ಜಗಳ ಹಚ್ಚುವವರಿದ್ದಾರೆ. ನನಗೆ ಅಲ್ಲಿ ಜಗಳ ಕಾಣಿಸುವುದಿಲ್ಲ. ಒಬ್ಬನು ಬೇರು ತೋರಿಸುತ್ತಿದ್ದಾನೆ, ಇನ್ನೊಬ್ಬನು ಹಣ್ಣು.

ಗಿರಣಿ ಮುಚ್ಚಿದ ಮೇಲೆ ಅಪ್ಪ ಒಂದು ಮೆಕ್ಕೆಜೋಳದ ಮಂಡಿಯಲ್ಲಿ ಲೆಕ್ಕ ಬರೆಯಲು ಸೇರಿದರು. ರೈತರ ಚೀಲಕ್ಕೆ ಒಂದೆರಡು ಕೆಜಿ ಕಡಿಮೆ ಬರೆಯಲು ಅಲ್ಲಿ ಹೇಳಿದರು. ಅಪ್ಪ ಆಗುವುದಿಲ್ಲ ಅಂದರು, ಕೆಲಸ ಬಿಡಬೇಕಾಯಿತು. ನಾನು ಆಗ ಹೈಸ್ಕೂಲು. ಫೀಸು ಕಟ್ಟಿರಲಿಲ್ಲ. ಅಪ್ಪನ ಮೇಲೆ ತುಂಬ ಸಿಟ್ಟು ಬಂದಿತ್ತು. ತೂಕದಲ್ಲಿ ಮೋಸ ಮಾಡಬೇಡ ಅನ್ನುವುದು ಯಾಜಕಕಾಂಡ 19ರಲ್ಲಿದೆ, ನಾನೇ ಅದನ್ನು ಭಾನುವಾರದ ಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿದ್ದೆ. ನಾನು ಕಿವಿಯಿಂದ ಕೇಳಿದ್ದೆ, ಅಪ್ಪ ಮಾತು ಕೇಳಿದ್ದರು. ಕೂಟದಲ್ಲಿ ಅಪ್ಪ ಯಾವತ್ತೂ ಎದ್ದು ಸಾಕ್ಷಿ ಹೇಳಿದವರಲ್ಲ.

ಇಲ್ಲಿ ಒಂದು ವಿಷಯವನ್ನು ಖಂಡಿತವಾಗಿ ಹೇಳಬೇಕು. ಈ ಪದವನ್ನು ಹಿಡಿದು ನೊಂದವರನ್ನು ಇನ್ನಷ್ಟು ನೋಯಿಸುವುದನ್ನು ನಾನು ನೋಡಿದ್ದೇನೆ. ಮಗು ಸತ್ತ ತಾಯಿಗೆ "ನಿನ್ನ ನಂಬಿಕೆ ಸಾಲದು" ಅನ್ನುತ್ತಾರೆ. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಇದು ನಿನ್ನ ಶೋಧನೆ, ತಾಳಿಕೋ" ಅನ್ನುತ್ತಾರೆ. ಇದು ತಪ್ಪು. ಹೊಡೆಯುವುದು ಪಾಪ. ಪಾಪಕ್ಕೆ ದೇವರ ಹೆಸರು ಇಡಬಾರದು. ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನಿಗೆ ಅವನ ಗೆಳೆಯರು ಮಾಡಿದ್ದೂ ಇಂಥದ್ದೇ, ಕೊನೆಗೆ ದೇವರು ಕೋಪಗೊಂಡದ್ದು ಅವರ ಮೇಲೆ. "ಆತನು ನನ್ನನ್ನು ಶೋಧಿಸಿದರೆ ಚೊಕ್ಕ ಬಂಗಾರದಂತೆ ಕಾಣುವೆನು" ಅಂತ ಯೋಬನೇ ತನ್ನ ಬಗ್ಗೆ ಹೇಳಿಕೊಂಡ. ಪಕ್ಕದಲ್ಲಿ ಕೂತವರು ಅವನಿಗೆ ಹೇಳಬೇಕಾದ ಮಾತಲ್ಲ ಅದು.

ಕಷ್ಟ ಬೇಡ ಅಂತ ಕೇಳುವುದರಲ್ಲೂ ತಪ್ಪಿಲ್ಲ. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಬಸಿಲಿಕಕ್ಕೆ ಬರುವ ಜನ ಬೇಡುವುದು ಅದನ್ನೇ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೂ ಈ ಕಷ್ಟದ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಅಂತ ಕೇಳಿದ. ಕೇಳಿದ ಮೇಲೆ, ನಿನ್ನ ಚಿತ್ತದಂತೆ ಆಗಲಿ ಅಂದ. ಆತನು ಮಗನಾಗಿದ್ದರೂ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ.

ಶೋಧನೆಯಲ್ಲಿ ಬಿದ್ದವರ ಗತಿ ಏನು? ಯೇಸುವಿನ ಶಿಷ್ಯ ಪೇತ್ರ ಬಿದ್ದವನೇ. ಸೈತಾನನು ನಿಮ್ಮನ್ನು ಗೋಧಿಯಂತೆ ಜರಡಿ ಹಿಡಿಯಲು ಕೇಳಿಕೊಂಡಿದ್ದಾನೆ, ನಿನ್ನ ನಂಬಿಕೆ ಕುಂದಿಹೋಗದಂತೆ ನಾನು ಬೇಡಿಕೊಂಡಿದ್ದೇನೆ ಅಂತ ಯೇಸು ಮೊದಲೇ ಅವನಿಗೆ ಹೇಳಿದ್ದ. ಅದೇ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಇದ್ದಲಿನ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಾ, ಯೇಸುವಿನ ಬಗ್ಗೆ ಮೂರು ಸಲ, ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂದುಬಿಟ್ಟ. ಇದ್ದಲಿನ ಬೆಂಕಿ ಎಂಬ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಯೇಸು ಸಾವಿನಿಂದ ಎದ್ದು ಬಂದ ಮೇಲೆ, ಒಂದು ಮುಂಜಾನೆ, ಕೆರೆಯಂಥ ಗಲಿಲಾಯ ಸಮುದ್ರದ ದಡದಲ್ಲಿ. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಊಟವಾದ ಮೇಲೆ ಮೂರು ಸಲ ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯಾ? ಅಂದು ಯಾಕೆ ಹಾಗೆ ಹೇಳಿದೆ ಅಂತ ಯೇಸು ಕೇಳಲಿಲ್ಲ. ಪ್ರತಿ ಸಲ ಹೌದು ಅಂದಾಗಲೂ ಅವನ ಕೈಗೆ ಒಂದು ಕೆಲಸ ಕೊಟ್ಟ: ನನ್ನ ಕುರಿಗಳನ್ನು ಮೇಯಿಸು. ಬೆಂಕಿಯಲ್ಲಿ ಶೋಧಿಸಿದ ಬಂಗಾರದ ಮಾತು ಇರುವುದು ಈ ಪೇತ್ರನ ಹೆಸರಿನ ಪತ್ರಿಕೆಯಲ್ಲಿ.