ಬಿಡುಗಡೆಗೆ ಮುನ್ನವೇ ಫೋನಿನ ಗಟ್ಟಿತನ ಅಳೆಯಲು ಹೊರಟಾಗ

ಹೊಸ ಫೋನಿನ ಚಿತ್ರಗಳು ಸೋರಿಕೆಯಾದ ಕೂಡಲೇ ಅದರ ಬಿಲ್ಡ್ ಕ್ವಾಲಿಟಿಯ, ಅಂದರೆ ಮೈಕಟ್ಟಿನ ಗಟ್ಟಿತನದ ಬಗ್ಗೆ ತೀರ್ಪುಗಳು ಹೊರಬೀಳುವುದು ಈಗ ಮಾಮೂಲಾಗಿದೆ. ಲೋಹದ ಚೌಕಟ್ಟು ಕಂಡರೆ ಗಟ್ಟಿ, ಪ್ಲಾಸ್ಟಿಕ್ ಕಂಡರೆ ಅಗ್ಗ ಎನ್ನುವ ಈ ಅವಸರದ ಲೆಕ್ಕಾಚಾರ ಹಲವು ಸಲ ತಲೆಕೆಳಗಾಗಿದೆ.

2010ರಲ್ಲಿ ಕ್ಯಾಲಿಫೋರ್ನಿಯಾದ ಬಾರೊಂದರಲ್ಲಿ ಬಿಟ್ಟುಹೋದ ಐಫೋನ್ 4ರ ಮೂಲಮಾದರಿ ಗಿಜ್ಮೊಡೊ ಜಾಲತಾಣದ ಕೈಸೇರಿತು. ಏಪ್ರಿಲ್‌ನಲ್ಲಿ ಪ್ರಕಟವಾದ ಚಿತ್ರಗಳಲ್ಲಿ ಗಾಜಿನ ಬೆನ್ನು, ಅಂಚಿನ ಸ್ಟೀಲ್ ಪಟ್ಟಿ, ಆ ಪಟ್ಟಿಯನ್ನು ತುಂಡರಿಸುವ ಸಣ್ಣ ಸೀಳುಗಳು ಎಲ್ಲರಿಗೂ ಕಂಡವು. ಆದರೆ ಆ ಪಟ್ಟಿಯೇ ಆಂಟೆನಾ ಆಗಿದ್ದು, ಕೆಳಗಿನ ಎಡಮೂಲೆಯ ಸೀಳಿಗೆ ಅಂಗೈ ತಾಗಿದರೆ ಸಿಗ್ನಲ್ ಕುಸಿಯುತ್ತದೆ ಎಂಬ ದೂರು ಎದ್ದದ್ದು ಜೂನ್‌ನಲ್ಲಿ ಮಾರಾಟ ಶುರುವಾದ ಮೇಲೆ. ಜುಲೈನಲ್ಲಿ ಆ್ಯಪಲ್ ಉಚಿತವಾಗಿ ಕವರ್ ಕೊಡಬೇಕಾಯಿತು.

2014ರ ಐಫೋನ್ 6 ಪ್ಲಸ್ ಜೇಬಿನಲ್ಲೇ ಬಾಗುತ್ತದೆಂಬ ದೂರುಗಳು ಬಂದಾಗ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ ಫೋನುಗಳನ್ನು ಯಂತ್ರದಲ್ಲಿಟ್ಟು ಒತ್ತಿ ನೋಡಿತು. ಅಲ್ಯೂಮಿನಿಯಂ ಮೈಯ ಐಫೋನ್ 6 ಸುಮಾರು 32 ಕಿಲೋ ಭಾರಕ್ಕೆ, 6 ಪ್ಲಸ್ ಸುಮಾರು 41 ಕಿಲೋಗೆ ಬಾಗಿದರೆ, ಪ್ಲಾಸ್ಟಿಕ್ ಬೆನ್ನಿನ ಗ್ಯಾಲಕ್ಸಿ ನೋಟ್ 3 ಸುಮಾರು 68 ಕಿಲೋವರೆಗೂ ತಡೆದುಕೊಂಡಿತು. ನನಗೆ ಹೆಚ್ಚು ಕಳವಳ ಹುಟ್ಟಿಸುವ ಸಂಗತಿ ನಾಲ್ಕು ವರ್ಷಗಳ ನಂತರದ್ದು: ಐಫೋನ್ 5ಎಸ್‌ಗಿಂತ 6 ಬಾಗುವ ಸಾಧ್ಯತೆ 3.3 ಪಟ್ಟು, 6 ಪ್ಲಸ್ ಬಾಗುವ ಸಾಧ್ಯತೆ 7.2 ಪಟ್ಟು ಹೆಚ್ಚೆಂದು ಆ್ಯಪಲ್‌ನ ಒಳಗಿನ ಪರೀಕ್ಷೆಗಳಲ್ಲೇ ಕಂಡುಬಂದಿತ್ತೆಂಬುದು 2018ರಲ್ಲಿ ನ್ಯಾಯಾಲಯದ ದಾಖಲೆಗಳಿಂದ ಹೊರಬಿತ್ತು. ಬಿಡುಗಡೆಗೆ ಮುನ್ನ ಗಟ್ಟಿತನವನ್ನು ನಿಜವಾಗಿ ಅಳೆಯಬಲ್ಲವರು ತಯಾರಕರು ಮಾತ್ರ. ಕೊಳ್ಳುವವರಿಗೆ ಆ ಅಂಕಿಗಳು ಸಿಗುವುದಿಲ್ಲ.

ತಯಾರಕರ ಅಳತೆಗೂ ಮಿತಿಯಿದೆ ಎಂಬುದನ್ನು ಸ್ಯಾಮ್ಸಂಗ್‌ನ ಮಡಿಸುವ ಫೋನಾದ 2019ರ ಗ್ಯಾಲಕ್ಸಿ ಫೋಲ್ಡ್ ತೋರಿಸಿತು. ಯಂತ್ರಗಳಲ್ಲಿ 2 ಲಕ್ಷ ಸಲ ಮಡಿಸಿ ಪರೀಕ್ಷಿಸಲಾಗಿದೆ ಎಂದು ಸ್ಯಾಮ್ಸಂಗ್ ಹೇಳಿತ್ತು. ಆದರೆ ಏಪ್ರಿಲ್‌ನಲ್ಲಿ ವಿಮರ್ಶಕರಿಗೆ ಕೊಟ್ಟ ಫೋನುಗಳಲ್ಲಿ ಕೆಲವು ಒಂದೆರಡು ದಿನಗಳಲ್ಲೇ ಕೆಟ್ಟವು. ಪರದೆಯ ಭಾಗವೇ ಆಗಿದ್ದ ಮೇಲಿನ ಪದರವನ್ನು ಪ್ಯಾಕಿಂಗ್ ಹಾಳೆಯೆಂದು ಭಾವಿಸಿ ಕೆಲವರು ಕಿತ್ತರು. ಇನ್ನೊಂದರಲ್ಲಿ ಪರದೆಯ ಅಡಿಗೆ ಕಸ ಸೇರಿ ಉಬ್ಬು ಮೂಡಿತು. ಮಡಿಸಿ ಬಿಡಿಸುವುದಷ್ಟನ್ನೇ ಮಾಡುವ ಯಂತ್ರ ಉಗುರಿನಿಂದ ಅಂಚು ಕೆದಕುವುದಿಲ್ಲ, ಜೇಬಿನ ಧೂಳನ್ನೂ ತರುವುದಿಲ್ಲ. ಸ್ಯಾಮ್ಸಂಗ್ ಬಿಡುಗಡೆಯನ್ನು ಮುಂದೂಡಿ, ಆ ಪದರವನ್ನು ಚೌಕಟ್ಟಿನ ಅಡಿಯವರೆಗೆ ಚಾಚಿ, ಮಡಿಸುವ ಕೀಲಾದ ಹಿಂಜ್‌ನ ಮೇಲ್ತುದಿಗೂ ಕೆಳತುದಿಗೂ ಮುಚ್ಚಳ ಕೂರಿಸಿ, ಸೆಪ್ಟೆಂಬರ್‌ನಲ್ಲಿ ಮಾರಾಟ ಆರಂಭಿಸಿತು. ಮಾರಾಟಕ್ಕೆ ಮುನ್ನ ಹೊರಗಿನವರ ಕೈಗೆ ಕೊಟ್ಟದ್ದರಿಂದಲೇ ಈ ದೋಷ ಗ್ರಾಹಕರನ್ನು ತಲುಪದೆ ಉಳಿಯಿತು.

ಹಾಗೆಂದು ಮೊದಲೇ ತಿಳಿಯಬಹುದಾದದ್ದು ಏನೂ ಇಲ್ಲವೆಂದಲ್ಲ. ಫೋನಿನೊಳಗೆ ಧೂಳು, ನೀರು ಹೋಗದಂತೆ ಎಷ್ಟು ತಡೆಯಿದೆ ಎಂದು ಹೇಳುವ ಐಪಿ ರೇಟಿಂಗ್‌ನ ಮೊದಲ ಅಂಕಿ ಧೂಳಿನಂಥ ಘನವಸ್ತುಗಳಿಂದ, ಎರಡನೆಯದು ನೀರಿನಿಂದ ಸಿಗುವ ರಕ್ಷಣೆಯನ್ನು ಸೂಚಿಸುತ್ತದೆ. 2021ರ ಗ್ಯಾಲಕ್ಸಿ ಝಡ್ ಫೋಲ್ಡ್ 3ಕ್ಕೆ ಸಿಕ್ಕಿದ್ದು ಐಪಿಎಕ್ಸ್8, ಅಂದರೆ ನೀರಿನ ಭರವಸೆಯಿತ್ತು, ಧೂಳಿನದ್ದಿರಲಿಲ್ಲ. 2024ರ ಝಡ್ ಫೋಲ್ಡ್ 6ಕ್ಕೆ ಐಪಿ48 ಸಿಕ್ಕಿತು. ಅಲ್ಲಿನ 4 ಒಂದು ಮಿಲಿಮೀಟರಿಗಿಂತ ದೊಡ್ಡ ಕಣಗಳಿಗಷ್ಟೇ ಅನ್ವಯಿಸುತ್ತದೆ, ಸಣ್ಣ ಧೂಳಿಗಲ್ಲ.